ಗೆದ್ದವರ ಗ್ರಂಥ, ಕಲಿಸುವವರ ಋಣ

ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸುವ ಕಟ್ಟಳೆಯು 1800ರ ಜುಲೈ ತಿಂಗಳಲ್ಲಿ ಅಂಗೀಕಾರವಾಯಿತಾದರೂ, ಗವರ್ನರ್ ಜನರಲ್ ಲಾರ್ಡ್ ವೆಲ್ಲೆಸ್ಲಿಯು ಅದಕ್ಕೆ ಅದೇ ವರ್ಷದ ಮೇ 4ರ ತಾರೀಖನ್ನು ಹಾಕಿಸಿದನು. ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಹತನಾಗಿ ಅಂದಿಗೆ ಸರಿಯಾಗಿ ಒಂದು ವರ್ಷವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಎಳೆಯ ಅಧಿಕಾರಿಗಳಿಗೆ ಪಾರಸಿ, ಸಂಸ್ಕೃತ, ಕನ್ನಡ ಮುಂತಾದ ಭಾಷೆಗಳನ್ನೂ ಇತಿಹಾಸ, ಕಾನೂನುಗಳನ್ನೂ ಕಲಿಸಲು ಯೋಜಿಸಿದ ಅಧ್ಯಾಪಕ ಪೀಠಗಳು ಹೀಗೆ ಒಂದು ವಿಜಯದ ವಾರ್ಷಿಕ ಸ್ಮರಣೆಯಾಗಿ ಹುಟ್ಟಿದವು. 1905ರಲ್ಲಿ ಆಕ್ಸ್‌ಫರ್ಡಿನಲ್ಲಿ ವಸಾಹತು ಇತಿಹಾಸಕ್ಕೆಂದೇ ಏರ್ಪಟ್ಟ ಬೈಟ್ ಪೀಠದ ಹಿಂದೆಯೂ ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಗಳಿಸಿದ ಹಣವಿತ್ತು. ಸಾಮ್ರಾಜ್ಯಗಳ ಇತಿಹಾಸವನ್ನು ಬೋಧಿಸುವ ಹುದ್ದೆಯು ಇಂದು ಬೇರೆ ಹುದ್ದೆಗಳ ಸಾಲಿನಲ್ಲೇ ನಿಂತಿದೆಯಾದರೂ, ಬೇರೆ ವಿಷಯದ ಅಧ್ಯಾಪಕರನ್ನು ಇಷ್ಟು ನೇರವಾಗಿ ತಟ್ಟದ ಒಂದು ಪ್ರಶ್ನೆ ಅದಕ್ಕೆ ತಟ್ಟುತ್ತದೆ: ಯುದ್ಧದಿಂದ ಕೈಸೇರಿದ ಅರಿವನ್ನು ಕಲಿಸುವವನು ಯಾರಿಗೆ ಋಣಿ?

ಆ ಅರಿವು ನಿಜವೇ ಎಂಬುದು ಇದಕ್ಕಿಂತ ಬೇರೆಯೇ ಆದ ಪ್ರಶ್ನೆ, ಮತ್ತು ಅದನ್ನು ಬಿಡಿಸುವುದು ಅಷ್ಟು ಕಷ್ಟವಲ್ಲ. ನ್ಯಾಯದರ್ಶನವು ಶಬ್ದಪ್ರಮಾಣವನ್ನು, ಎಂದರೆ ಇನ್ನೊಬ್ಬರ ಮಾತಿನಿಂದ ಬರುವ ತಿಳಿವಳಿಕೆಯನ್ನು, ಆಪ್ತನ ಮಾತಿಗೆ ಸೀಮಿತಗೊಳಿಸುತ್ತದೆ. ವಸ್ತುವನ್ನು ಸಾಕ್ಷಾತ್ತಾಗಿ ತಿಳಿದು, ತಿಳಿದಂತೆಯೇ ಹೇಳಬಯಸುವವನು ಆಪ್ತ. ಭಾಷ್ಯಕಾರ ವಾತ್ಸ್ಯಾಯನನು ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸ್ಪಷ್ಟಪಡಿಸಿದ್ದಾನೆ. ಆದುದರಿಂದ ವೆಲ್ಲೆಸ್ಲಿಯ ಆಜ್ಞೆಯ ಮೇಲೆ 1800ರಲ್ಲಿ ಶ್ರೀರಂಗಪಟ್ಟಣ, ಮೇಲುಕೋಟೆ, ನಾಗಮಂಗಲಗಳನ್ನು ಸುತ್ತಿ ಬೆಳೆ, ನೀರಾವರಿ, ಕಸುಬು, ಕಂದಾಯಗಳನ್ನು ಬರೆದುಕೊಂಡ ಫ್ರಾನ್ಸಿಸ್ ಬುಕಾನನನ ವರದಿಯನ್ನು, ಅದು ಗೆದ್ದವರಿಗಾಗಿ ಬರೆದದ್ದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಲಾಗದು. ಅವನು ಕಣ್ಣಾರೆ ಕಂಡ ಗದ್ದೆಯ ವಿವರಕ್ಕೂ ಸೋತ ಅರಸನ ಬಗ್ಗೆ ಅವನು ಕೊಡುವ ತೀರ್ಪಿಗೂ ಒಂದೇ ಬೆಲೆ ಕಟ್ಟಬಾರದು, ಅಷ್ಟೇ.

ನಿಜವಾದದ್ದೆಲ್ಲವೂ ನ್ಯಾಯವಾಗಿ ದಕ್ಕಿದ್ದೆಂದೇನಲ್ಲ. ಈ ಎರಡನೆಯ ಸಂಗತಿಯನ್ನು ಜೈನ ಆಚಾರಶಾಸ್ತ್ರವು ಅಸಾಧಾರಣ ಸೂಕ್ಷ್ಮತೆಯಿಂದ ವಿವೇಚಿಸಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯನ್ನು ಕಟ್ಟಿಸಿದ ಸಮುದಾಯಕ್ಕೆ ಆಧಾರಗ್ರಂಥವಾಗಿದ್ದ ತತ್ತ್ವಾರ್ಥಸೂತ್ರವು, ಗೃಹಸ್ಥನ ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತವನ್ನು ಪೂರ್ತಿ ಮುರಿಯದೆ ಮಲಿನಗೊಳಿಸುವ ದೋಷಗಳನ್ನು, ಹೇಳುತ್ತದೆ. ಕಳ್ಳನು ತಂದದ್ದನ್ನು ತೆಗೆದುಕೊಳ್ಳುವ ತದಾಹೃತಾದಾನ ಅವುಗಳಲ್ಲೊಂದು. ಇನ್ನೊಂದು ವಿರುದ್ಧರಾಜ್ಯಾತಿಕ್ರಮ; ರಾಜ್ಯ ಕದಡಿದಾಗ ಬೆಲೆಬಾಳುವ ವಸ್ತುಗಳನ್ನು ಅಗ್ಗವಾಗಿ ಹೊಡೆದುಕೊಳ್ಳುವ ಯತ್ನವೆಂದು ಪೂಜ್ಯಪಾದರ ವ್ಯಾಖ್ಯಾನ ಇದನ್ನು ವಿವರಿಸುತ್ತದೆ. ಸುಲ್ತಾನನ ಚಿನ್ನದ ಸಿಂಹಾಸನವನ್ನು ತುಂಡರಿಸಿ ಹಂಚಿದ 1799ರ ಶ್ರೀರಂಗಪಟ್ಟಣಕ್ಕೆ ಇದಕ್ಕಿಂತ ನಿಖರವಾದ ವಿವರಣೆ ಸಿಗಲಾರದು.

ಅರಮನೆಯ ಗ್ರಂಥಭಂಡಾರವೂ ಅದೇ ಹಾದಿ ಹಿಡಿಯಿತು. ಸುಮಾರು 2,000 ಸಂಪುಟಗಳಿದ್ದ ಆ ಸಂಗ್ರಹದ ವಿವರಣಾತ್ಮಕ ಸೂಚಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಪ್ರಕಟಿಸಿದನು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾರಸಿ ಕಲಿಸಿದ್ದ ಅವನು ಆ ವೇಳೆಗೆ ಇಂಗ್ಲೆಂಡಿನಲ್ಲಿ ಕಂಪನಿಯ ಕಾಲೇಜಿನ ಪ್ರಾಧ್ಯಾಪಕನಾಗಿದ್ದನು. ಹಸ್ತಪ್ರತಿಗಳು ಕಲ್ಕತ್ತೆ, ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಚದುರಿಹೋದವು. ಆದರೆ ಅದೇ ಸ್ಟೂವರ್ಟ್ ಹೇಳುವಂತೆ, ಆ ಗ್ರಂಥಗಳಲ್ಲಿ ಹಣ ಕೊಟ್ಟು ಕೊಂಡವು ತೀರ ಕಡಿಮೆ. ಬಹುಪಾಲು ಸವಣೂರು, ಕಡಪ ಮತ್ತು ಆರ್ಕಾಟಿನ ಸೀಮೆಯಿಂದ ಲೂಟಿಯಾಗಿ ಬಂದವು. ಲೂಟಿಯ ಫಲವುಂಡವನೇ ಕೊಟ್ಟ ಸಾಕ್ಷ್ಯವಾದ್ದರಿಂದ ಇದನ್ನು ಎಚ್ಚರದಿಂದ ಓದಬೇಕು. ಆದರೂ ಅದು ಸುಳ್ಳೆಂದು ತೋರಿಸದೆ ಬದಿಗಿಡುವುದು ಪ್ರಾಮಾಣಿಕವಾಗದು. ಮರಳಿಸುವುದಾದರೆ ಯಾರಿಗೆ ಎಂಬ ಪ್ರಶ್ನೆ ಇಲ್ಲಿ ತೊಡಕಾಗುತ್ತದೆ.

ಮರಳಿಸುವಿಕೆಯ ಬಗ್ಗೆ ಶ್ರೀರಂಗಪಟ್ಟಣದ ಸುತ್ತಲಿನ ಈ ಸೀಮೆಯದೇ ಒಂದು ಕಥೆಯಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಉತ್ಸವಮೂರ್ತಿಯು ದೆಹಲಿಯ ಸುಲ್ತಾನನ ಅರಮನೆಯನ್ನು ಸೇರಿತ್ತೆಂದೂ, ರಾಮಾನುಜಾಚಾರ್ಯರು ಅಲ್ಲಿಗೆ ಹೋಗಿ ಕರೆದಾಗ ದೇವರು ತಾನಾಗಿಯೇ ಬಂದು ಅವರ ತೊಡೆಯೇರಿದನೆಂದೂ, ಅದಕ್ಕೇ ಅವನಿಗೆ ಚೆಲುವಪಿಳ್ಳೆಯೆಂಬ ಹೆಸರಾಯಿತೆಂದೂ ಸಂಪ್ರದಾಯ ಹೇಳುತ್ತದೆ. ರಾಮಾನುಜರ ಮೇಲುಕೋಟೆಯ ವಾಸ 12ನೆಯ ಶತಮಾನದ್ದು, ದೆಹಲಿ ಸುಲ್ತಾನರ ಆಳ್ವಿಕೆ ಮೊದಲಾದದ್ದು 1206ರಲ್ಲಿ. ಕಾಲಗಣನೆ ಕೂಡಿಬರುವುದಿಲ್ಲವೆಂದು ಇತಿಹಾಸದ ಅಧ್ಯಾಪಕನು ಹೇಳಲೇಬೇಕು. ಹೇಳಿದ ಮೇಲೂ ಕಥೆಯ ಮುಂದಿನ ಭಾಗ ಉಳಿಯುತ್ತದೆ. ಆ ಮೂರ್ತಿಯನ್ನು ಬೊಂಬೆಯೆಂದು ಆಡಿಸಿ, ಒಲಿದು, ಅಗಲಿರಲಾರದೆ ಹಿಂಬಾಲಿಸಿ ಬಂದ ಸುಲ್ತಾನನ ಮಗಳು ದೇವರಲ್ಲಿ ಲೀನಳಾದಳು. ಬೀಬಿ ನಾಚ್ಚಿಯಾರ್ ಎಂಬ ಅವಳ ವಿಗ್ರಹಕ್ಕೆ ಸ್ವಾಮಿಯ ಪಾದದಲ್ಲಿಯೇ ಸ್ಥಾನ ಸಿಕ್ಕಿತು. ಈ ಕಥೆಯಲ್ಲಿ ವಸ್ತು ತನ್ನ ನೆಲೆಗೆ ಮರಳುತ್ತದೆ. ಆದರೆ ಅದನ್ನು ಇಟ್ಟುಕೊಂಡಿದ್ದವರ ಮನೆಯಲ್ಲಿ ಹುಟ್ಟಿದ ಪ್ರೀತಿಯನ್ನು ಅಪರಾಧದ ಲೆಕ್ಕಕ್ಕೆ ಸೇರಿಸುವುದಿಲ್ಲ. ಸ್ಟೂವರ್ಟನ ಸೂಚಿಯ ಹಿಂದಿನ ಶ್ರದ್ಧೆಗೂ ಇಷ್ಟು ಔದಾರ್ಯ ಸಲ್ಲಬೇಕು, ಅದರ ಹೆಸರಿನಲ್ಲಿ ಲೂಟಿಯನ್ನು ಮಾತ್ರ ಮನ್ನಿಸಬೇಕಾಗಿಲ್ಲ.

ತೈತ್ತಿರೀಯ ಸಂಹಿತೆಯು ಹೇಳುವ ಮೂರು ಋಣಗಳಲ್ಲಿ ಋಷಿಋಣವು ಬ್ರಹ್ಮಚರ್ಯದಿಂದ, ಎಂದರೆ ಗುರುವಿನ ಬಳಿ ಮಾಡುವ ಅಧ್ಯಯನದಿಂದ, ತೀರುವಂಥದ್ದು. ಅರಿವು ಯಾರಿಂದ ಬಂದಿತೋ ಅವರ ಸಾಲವನ್ನು ಅರಿವಿನ ದುಡಿಮೆಯಿಂದಲೇ ತೀರಿಸಬೇಕೆಂಬುದು ಅದರ ಆಶಯ. ಸಾಮ್ರಾಜ್ಯದ ದಾಖಲೆಗಳ ವಿಷಯದಲ್ಲಿ ಋಷಿಯ ಸ್ಥಾನದಲ್ಲಿರುವವರು ಬುಕಾನನನಷ್ಟೇ ಅಲ್ಲ, ಅವನ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಒಕ್ಕಲಿಗರು, ಶಾನುಭೋಗರು, ನೇಕಾರರು ಕೂಡ. ಈ ಸಾಲವನ್ನು ತೀರಿಸಿದ ಒಂದು ಮಾದರಿ ಶಾಸನಶಾಸ್ತ್ರದಲ್ಲಿದೆ. ಶಾಸನದ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಿಗೆ ಇಳಿಸಿ, ಮೇಲೆ ಮಸಿ ಒತ್ತಿ ತೆಗೆಯುವ ಪಡಿಯಚ್ಚಿನಲ್ಲಿ ಪ್ರತಿ ಮಾತ್ರ ಹೊರಗೆ ಹೋಗುತ್ತದೆ, ಮೂಲ ಊರಿನಲ್ಲೇ ಇರುತ್ತದೆ. ಶಾಸನತಜ್ಞ ಬಿ. ಎಲ್. ರೈಸ್ 1894 ಮತ್ತು 1898ರ ಸಂಪುಟಗಳಲ್ಲಿ ಪ್ರಕಟಿಸಿದ ಈ ಸೀಮೆಯ ಶಾಸನಗಳನ್ನು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕರಿಸಿ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳವನ್ನು ಆರನೆಯ ಸಂಪುಟದಲ್ಲೂ ನಾಗಮಂಗಲದವನ್ನು ಏಳನೆಯದರಲ್ಲೂ ಹೊರತಂದಿತು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ದಾನಶಾಸನವನ್ನು ಕಿಕ್ಕೇರಿಯವರು ಇಂದು ತಮ್ಮ ಲಿಪಿಯಲ್ಲೇ ಓದಬಹುದು. ಪಾರಸಿ ಹಸ್ತಪ್ರತಿಗಳ ವಿಷಯದಲ್ಲಿ ಇಂಥ ಕೆಲಸ ನಡೆಯಬೇಕಾದರೆ ಹಳಗನ್ನಡದೊಡನೆ ಪಾರಸಿಯನ್ನೂ ಬಲ್ಲ ಅಧ್ಯಾಪಕರು ಬೇಕು. ಆದರೆ ಸಹಾಯಕ ಪ್ರಾಧ್ಯಾಪಕನ ಹುದ್ದೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳು ಸ್ನಾತಕೋತ್ತರ ಪದವಿಯನ್ನೂ ಅದರೊಡನೆ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ.ಯನ್ನೂ ಕೇಳುತ್ತವೆ, ಬೋಧಿಸಲಿರುವ ಇತಿಹಾಸದ ಆಕರಭಾಷೆಯನ್ನು ಕೇಳುವುದಿಲ್ಲ.