ಪರರ ಪ್ರಾರ್ಥನೆಯ ಎದುರು ನಮ್ಮ ಮಗು

ಮಲೆನಾಡಿನಲ್ಲಿ ಶಾಲೆಯೂ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಮೇ ತಿಂಗಳ ಕೊನೆಗೆ ಶಾಲೆಯ ಬಾಗಿಲು ತೆರೆದರೆ ಜೂನ್ ಮೊದಲ ವಾರಗಳಲ್ಲಿ ಮುಂಗಾರು ಬಂದಿಳಿಯುತ್ತದೆ. ಕಳಸ, ಸಂಸೆ, ಕುದುರೆಮುಖದ ದಾರಿಯಲ್ಲಿ ಹೊಸ ಸಮವಸ್ತ್ರದ ಮೇಲೆ ರೈನ್‌ಕೋಟು ತೊಟ್ಟ ಮಕ್ಕಳು ಬಸ್ಸಿಗಾಗಿ ಕಾಯುತ್ತಿರುತ್ತಾರೆ. ಹೆತ್ತವರ ತಲೆಯಲ್ಲಿ ಆಗ ನೂರೆಂಟು ಲೆಕ್ಕ: ಫೀಸು, ಛತ್ರಿ, ಶೂ, ಪುಸ್ತಕಕ್ಕೆ ಬೈಂಡು, ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಕಾಲುಚೀಲ. ಮಗುವನ್ನು ಕಾನ್ವೆಂಟಿಗೆ ಸೇರಿಸಿದ ಮುಸ್ಲಿಂ ಮನೆಯಲ್ಲಿ ಇವುಗಳ ಜೊತೆಗೆ ಇನ್ನೊಂದು ಚಿಂತೆಯಿರುತ್ತದೆ. ಅದನ್ನು ಯಾರೂ ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಅದು ಶಾಲೆಯ ಮೊದಲ ಗಂಟೆಗೆ ಸಂಬಂಧಿಸಿದ್ದು.

ಮೊದಲ ಗಂಟೆ ಪ್ರಾರ್ಥನೆಯದು. ನಮ್ಮ ಕಡೆಯ ಅನೇಕ ಮಕ್ಕಳಿಗೆ ಅದು ದಿನದ ಎರಡನೆಯ ಪ್ರಾರ್ಥನೆ. ಬೆಳಕು ಹರಿಯುವ ಹೊತ್ತಿಗೇ ಮದ್ರಸಕ್ಕೆ ಹೋಗಿ ಫಾತಿಹಾ ಓದಿ ಬಂದ ಮಗು, ತಿಂಡಿ ತಿಂದು, ಸಮವಸ್ತ್ರ ತೊಟ್ಟು, ಒಂಬತ್ತರ ಸುಮಾರಿಗೆ ಮಾತೆ ಮರಿಯಮ್ಮನವರ ಪ್ರತಿಮೆಯ ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ. ಆ ಹೆಸರು ಅದಕ್ಕೆ ಹೊಸತಲ್ಲ. ಪವಿತ್ರ ಕುರ್‌ಆನಿನ 19ನೆಯ ಅಧ್ಯಾಯಕ್ಕೆ ಹಝ್ರತ್ ಮರ್ಯಮ್(ಅ) ಅವರದೇ ಹೆಸರಿದೆ. ಆದರೆ ಪ್ರತಿಮೆ ಹೊಸತು. ಪಕ್ಕದ ಗೆಳತಿ ಹಣೆ, ಎದೆ, ಭುಜ ಮುಟ್ಟಿಕೊಂಡು ಶಿಲುಬೆಯ ಗುರುತು ಹಾಕಿಕೊಳ್ಳುವುದು ಹೊಸತು. ತಾನೇನು ಮಾಡಬೇಕು? ಕೈ ಜೋಡಿಸಬೇಕೇ, ತುಟಿ ಅಲ್ಲಾಡಿಸಬೇಕೇ, ಸುಮ್ಮನಿರಬೇಕೇ? ಆರು ವರ್ಷದ ಮಗುವಿನ ಈ ಗೊಂದಲದಲ್ಲಿ ದೊಡ್ಡವರಿಗೂ ಸುಲಭಕ್ಕೆ ಉತ್ತರ ಸಿಗದ ಪ್ರಶ್ನೆಯೊಂದಿದೆ. ಪರರ ಪ್ರಾರ್ಥನೆಯ ಎದುರು ಮನುಷ್ಯ ಹೇಗೆ ನಿಲ್ಲಬೇಕು?

ಈ ಬೆಟ್ಟಗಳಲ್ಲಿ ಯಾರೂ ಒಬ್ಬರೇ ಬದುಕಿಲ್ಲ. ಇಲ್ಲಿಗೆ ಕಾಫಿ ತಂದವರು ಯೆಮನಿನಿಂದ ಏಳು ಬೀಜ ಹೊತ್ತು ಬಂದ ಬಾಬಾಬುಡನ್ ಎಂಬುದು ಜನರ ನಂಬಿಕೆ. ಆಮೇಲೆ ಬ್ರಿಟಿಷರು ತೋಟ ಮಾಡಿದರು. ಘಟ್ಟದ ಕೆಳಗಿನಿಂದ ತುಳು, ಕೊಂಕಣಿ, ಬ್ಯಾರಿ ಮಾತಾಡುವವರು ಹತ್ತಿ ಬಂದರು. ಕ್ರೈಸ್ತರ ಸಂಖ್ಯೆ ಬೆಳೆದು, 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯವಾಯಿತು. ಕುದುರೆಮುಖದ ಕಥೆ ಇನ್ನೂ ವಿಚಿತ್ರ. 1975ರಲ್ಲಿ ಇರಾನ್ ಸಾಲ ಕೊಟ್ಟು ಅದಿರು ಕೊಳ್ಳಲು ಒಪ್ಪಿತು. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿತು. 1979ರ ಇರಾನ್ ಕ್ರಾಂತಿಯ ನಂತರ ಆ ಒಪ್ಪಂದ ಮುರಿದುಬಿತ್ತು, ಆದರೆ ಕಾಡಿನ ನಡುವೆ ಊರೊಂದು ಎದ್ದುನಿಂತಿತ್ತು. ಅಲ್ಲಿ ಹಳೆಯ ಹಳ್ಳಿಯವರಿಗಿಂತ ಕೆಲಸ ಹುಡುಕಿ ಬಂದವರೇ ಹೆಚ್ಚು. ಅಪ್ಪಂದಿರ ಪಾಳಿ ಒಂದೇ, ಕ್ವಾರ್ಟರ್ಸಿನ ಗೋಡೆ ಒಂದೇ. ಹೀಗಿರುವಾಗ ಮಕ್ಕಳ ಶಾಲೆ ಬೇರೆ ಬೇರೆಯಾಗುವುದು ಹೇಗೆ?

2002ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ಗಡುವು ಹಾಕಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕುಟುಂಬಗಳು ಒಂದೊಂದಾಗಿ ಘಟ್ಟ ಇಳಿದವು. ಕಾಡಿಗೂ ನದಿಗೂ ಅದು ಒಳ್ಳೆಯದೇ ಆಯಿತು. ಆದರೆ ಇಂತಹ ಊರಿನ ಶಾಲೆಗೆ ಹೊಸ ವರ್ಷವೆಂದರೆ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರು ಉಳಿದಿವೆ ಎಂಬ ಲೆಕ್ಕವೂ ಹೌದು. ಮಕ್ಕಳೇ ಕಡಿಮೆಯಿರುವ ಕಡೆ ಹಿಂದೂಗಳಿಗೊಂದು, ಮುಸ್ಲಿಮರಿಗೊಂದು, ಕ್ರೈಸ್ತರಿಗೊಂದು ಶಾಲೆ ಎಂಬ ಮಾತು ನಡೆಯುವುದಿಲ್ಲ. ಅದೇ ಬೆಂಚಿನಲ್ಲಿ, ಅದೇ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೂ ನಿಲ್ಲಲೇಬೇಕು. ಹೇಗೆ ನಿಲ್ಲಬೇಕೆಂಬುದನ್ನು ಮಾತ್ರ ತೀರ್ಮಾನಿಸಬಹುದು.

ನಮ್ಮ ನಡುವೆ ಇದಕ್ಕೆ ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಮೊದಲನೆಯದು ಉದಾರವಾಗಿ ಕಾಣುತ್ತದೆ. "ಬಾಯಲ್ಲಿ ಹೇಳಿದರೇನಂತೆ, ಮನಸ್ಸಿನಲ್ಲಿ ಇಲ್ಲದಿದ್ದರಾಯಿತು." ಫೀಸು ಕಟ್ಟಿದ್ದೇವೆ, ಇಂಗ್ಲಿಷ್ ಬೇಕು, ಶಿಸ್ತು ಬೇಕು, ಐದು ನಿಮಿಷದ ಪ್ರಾರ್ಥನೆಗೆ ಯಾಕೆ ತಕರಾರು ಎಂಬ ಧಾಟಿ ಇದು. ಆದರೆ ಈ ಮಾತಿನಿಂದ ಮಗು ಕಲಿಯುವುದೇನು? ದೇವರೊಡನೆ ಆಡುವ ಮಾತನ್ನು ಮನಸ್ಸಿಲ್ಲದೆ ಆಡಬಹುದು ಎಂದು ಕಲಿಯುತ್ತದೆ. ಇಂದು ಶಾಲೆಯಲ್ಲಿ ತುಟಿಯಿಂದಷ್ಟೇ ಪ್ರಾರ್ಥಿಸಲು ಕಲಿತ ಮಗು ನಾಳೆ ಮಸೀದಿಯಲ್ಲೂ ತುಟಿಯಿಂದಷ್ಟೇ ಪ್ರಾರ್ಥಿಸೀತು. ಇದರಲ್ಲಿ ನಮ್ಮ ನಂಬಿಕೆಗಷ್ಟೇ ಅಲ್ಲ, ಅವರ ನಂಬಿಕೆಗೂ ಅವಮಾನವಿದೆ. ಬದುಕನ್ನೇ ಪ್ರಾರ್ಥನೆಗೆ ಮುಡಿಪಿಟ್ಟ ಸಿಸ್ಟರ್ ಒಬ್ಬರಿಗೆ, ಸೀಟಿಗಾಗಿ ಉಚ್ಚರಿಸಿದ ಪ್ರಾರ್ಥನೆಯಿಂದ ಸಿಗುವುದಾದರೂ ಏನು? ಮೌಲ್ವಿಗೂ ಸಿಸ್ಟರಿಗೂ ಈ ವಿಷಯದಲ್ಲಿ ಹಿತ ಒಂದೇ. ಪ್ರಾರ್ಥನೆಯನ್ನು ಗಂಭೀರವಾಗಿ ತೆಗೆದುಕೊಳ್ಳುವವರು ನಂಬದವರ ಬಾಯಲ್ಲಿ ಅದನ್ನು ಕೇಳಬಯಸಲಾರರು.

ಎರಡನೆಯ ಉತ್ತರ ಭಯದ್ದು. "ಅಲ್ಲಿಗೆ ಕಳಿಸುವುದೇ ಬೇಡ, ಮಗು ಕೈತಪ್ಪಿ ಹೋಗುತ್ತದೆ." ನಮ್ಮದೇ ಶಾಲೆ ಕಟ್ಟುವ ಹಕ್ಕು ನಮಗಿದೆ, ಸಂವಿಧಾನದ 30ನೆಯ ವಿಧಿ ಅದನ್ನು ಕೊಟ್ಟಿದೆ. ಕ್ರೈಸ್ತರು ಶಾಲೆ ನಡೆಸುತ್ತಿರುವುದೂ ಅದೇ ಹಕ್ಕಿನ ಬಲದಿಂದ. ಆದರೆ ಹಕ್ಕು ಬೇರೆ, ಭಯ ಬೇರೆ. ನನ್ನಂತೆ ಉರ್ದುವಿನಲ್ಲಿ ಅಕ್ಷರ ಕಲಿತವರಿಗೆ ಇಕ್ಬಾಲರು 1902ರಲ್ಲಿ ಬರೆದ ಮಕ್ಕಳ ದುಆ ಗೊತ್ತಿರುತ್ತದೆ. ಎಷ್ಟೋ ಉರ್ದು ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯೇ ಅದು. ಆ ಇಕ್ಬಾಲರು ಓದಿದ್ದು ಸಿಯಾಲ್‌ಕೋಟಿನ ಸ್ಕಾಚ್ ಮಿಷನ್ ಶಾಲೆಯಲ್ಲಿ. ಮಿಷನ್ ಶಾಲೆಯ ಗಂಟೆ ಅವರ ಒಳಗಿನ ದುಆವನ್ನು ಅಳಿಸಲಿಲ್ಲ. ಮನೆಯಲ್ಲಿ ಬೇರು ಬಿಟ್ಟ ನಂಬಿಕೆ ಇನ್ನೊಬ್ಬರ ಪ್ರಾರ್ಥನೆ ಕಿವಿಗೆ ಬಿದ್ದ ಮಾತ್ರಕ್ಕೆ ಒಣಗುವುದಿಲ್ಲ. ಮನೆಯಲ್ಲೇ ಬೇರಿಲ್ಲದಿದ್ದರೆ ಯಾವ ಶಾಲೆಯ ಗೋಡೆಯೂ ಅದನ್ನು ಕಾಯಲಾರದು.

ಮೂರನೆಯದು ನನಗೆ ಸರಿಯೆನಿಸುವ ಉತ್ತರ. ಮಗು ಸಾಲಿನಲ್ಲಿಯೇ ನಿಲ್ಲಲಿ, ಗೌರವದಿಂದ ನಿಲ್ಲಲಿ, ತನ್ನದಲ್ಲದ ಪ್ರಾರ್ಥನೆಯನ್ನು ಹೇಳದೆ ನಿಲ್ಲಲಿ. ಇದು ಹೊಸ ದಾರಿಯೇನಲ್ಲ. 1985ರಲ್ಲಿ ಕೇರಳದ ಶಾಲೆಯೊಂದು ಮೂವರು ಒಡಹುಟ್ಟಿದ ಮಕ್ಕಳನ್ನು ಹೊರಹಾಕಿತು. ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತ ಮೇಲೆ ಹಾಡದಿರುವುದು ಅಗೌರವವಲ್ಲ ಎಂಬುದು ಅದರ ಸಾರ. ನ್ಯಾಯಾಲಯ ಹೇಳಿದ ಈ ಮಾತಿನಲ್ಲಿ ನ್ಯಾಯಶಾಸ್ತ್ರಕ್ಕಿಂತ ಹಳೆಯ ವಿವೇಕವಿದೆ. ನೆರೆಮನೆಯ ಪೂಜೆಗೋ ಮದುವೆಗೋ ಹೋದಾಗ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ತಲೆ ತಗ್ಗಿಸಿ ಕುಳಿತರು, ಮಂತ್ರ ಹೇಳಲಿಲ್ಲ. ಯಾರೂ ಹೇಳೆಂದು ಒತ್ತಾಯಿಸಲೂ ಇಲ್ಲ.

ಆದರೆ ಮೌನದಲ್ಲೂ ಎರಡು ಬಗೆ. ಬೈಗುಳಕ್ಕೆ ಹೆದರಿ ಸುಮ್ಮನಿರುವುದು ಒಂದು. ಇದು ಅವರದು, ನನ್ನದು ಬೇರೆಯಿದೆ, ಎರಡಕ್ಕೂ ಮರ್ಯಾದೆಯಿದೆ ಎಂದು ತಿಳಿದು ಸುಮ್ಮನಿರುವುದು ಇನ್ನೊಂದು. ಮೊದಲನೆಯದು ಮಗುವನ್ನು ಕುಗ್ಗಿಸುತ್ತದೆ, ಎರಡನೆಯದು ಬೆಳೆಸುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸವಾಗುವುದು ದೊಡ್ಡವರು ಮೊದಲೇ ಆಡಿದ ಒಂದು ಮಾತಿನಿಂದ. "ನೀನು ಸುಮ್ಮನೆ ನಿಂತರೆ ಸಾಕು ಮಗಳೇ, ಯಾರೂ ಏನೂ ಅನ್ನುವುದಿಲ್ಲ" ಎಂದು ಅಮ್ಮ ಮನೆಯಲ್ಲಿ ಹೇಳಿರಬೇಕು, ಸಿಸ್ಟರ್ ಶಾಲೆಯಲ್ಲಿ ಹೇಳಿರಬೇಕು. ವರ್ಷದ ಮೊದಲ ವಾರ ಇರುವುದೇ ಇದಕ್ಕೆ. ಮಗುವನ್ನು ಪ್ರಾರ್ಥನೆಯ ಹೊತ್ತಿಗೆ ವರಾಂಡಕ್ಕೆ ಕಳಿಸುವುದು ಪರಿಹಾರವಲ್ಲ. ವರಾಂಡ ಎಂದರೆ ಮಕ್ಕಳ ಲೋಕದಲ್ಲಿ ಶಿಕ್ಷೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಆರು ವರ್ಷದ ಮಗುವಿಗೆ ಇಷ್ಟು ಸೂಕ್ಷ್ಮ ಅರ್ಥವಾದೀತೇ? ಎಲ್ಲರೂ ಕೈ ಜೋಡಿಸಿದಾಗ ಅದೂ ಜೋಡಿಸುತ್ತದೆ. ಗೆಳತಿ ಶಿಲುಬೆಯ ಗುರುತು ಹಾಕಿಕೊಂಡರೆ ಇದೂ ಹಾಕಿಕೊಳ್ಳುತ್ತದೆ, ಸಂಜೆ ಮನೆಯಲ್ಲಿ ಅಜ್ಜಿಯ ಮುಂದೆ ಮಾಡಿಯೂ ತೋರಿಸುತ್ತದೆ. ಆಗ ಕೈಗೆ ಹೊಡೆಯುವುದು ತಪ್ಪು. ಮಗುವಿನ ಅನುಕರಣೆ ನಂಬಿಕೆಯಲ್ಲ, ಗೆಳೆತನ. ಅದನ್ನು ಪಾಪವೆಂದು ಹೆದರಿಸಿದರೆ ಮಗು ಗೆಳತಿಯನ್ನೇ ಪಾಪವೆಂದು ತಿಳಿಯುತ್ತದೆ. "ಅದು ಅವಳ ದುಆ ಕಣಮ್ಮ, ನಮ್ಮದು ಹೀಗೆ" ಎಂದು ಕೈ ಹಿಡಿದು ತೋರಿಸಿದರೆ ಸಾಕು. ಈ ಸೂಕ್ಷ್ಮದ ಭಾರ ಹೊರಬೇಕಾದವರು ದೊಡ್ಡವರು.

ಶಾಲೆಯ ಪಾಲಿನ ಭಾರವೂ ಕಡಿಮೆಯದಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಯಲ್ಲಿ, ಆರಾಧನೆಯಲ್ಲಿ ತೊಡಗಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28ನೆಯ ವಿಧಿ. 'ಸಮ್ಮತಿ' ಎಂಬ ಪದವನ್ನು ಪ್ರಾಮಾಣಿಕವಾಗಿ ಓದಬೇಕು. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ, ಕ್ಯಾಥೊಲಿಕ್ ಅಲ್ಲದ, ಕ್ರೈಸ್ತ ಶಾಲೆಯೊಂದರ ಪ್ರವೇಶ ಅರ್ಜಿಯ ಬಗ್ಗೆ ವಿವಾದ ಎದ್ದಿತು. ಮಗು ಬೈಬಲ್ ಒಯ್ಯಲು ಆಕ್ಷೇಪವಿಲ್ಲವೆಂದು ಪೋಷಕರು ಬರೆದುಕೊಡಬೇಕೇ ಎಂಬುದು ಅಲ್ಲಿನ ಪ್ರಶ್ನೆ. ವಿವಾದದ ರಾಜಕೀಯ ಏನೇ ಇರಲಿ, ಸೀಟಿಗಾಗಿ ಸಾಲಿನಲ್ಲಿ ನಿಂತವರು ಹಾಕುವ ಸಹಿಯನ್ನು ಪೂರ್ತಿ ಸಮ್ಮತಿ ಎನ್ನುವುದು ಕಷ್ಟ. ಕ್ಯಾಥೊಲಿಕ್ ಸಭೆಗೂ ಇದು ಗೊತ್ತಿಲ್ಲದ್ದಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು, ಒಂದೇ ದಿನ, ಶಿಕ್ಷಣದ ಬಗ್ಗೆ ಒಂದು ಘೋಷಣೆಯನ್ನೂ ಇತರ ಧರ್ಮಗಳ ಬಗ್ಗೆ ಇನ್ನೊಂದನ್ನೂ ಹೊರಡಿಸಿತು. ಎರಡನೆಯದು ಮುಸ್ಲಿಮರನ್ನು ಗೌರವದಿಂದ ಹೆಸರಿಸಿ, ಅವರು ಮರಿಯಮ್ಮನವರನ್ನು ಆದರಿಸುತ್ತಾರೆಂದು ನೆನೆಯುತ್ತದೆ. 2024ರ ಏಪ್ರಿಲ್‌ನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಇತರ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಎಂದಿದೆ. ಕಾಗದದ ಮೇಲಿನ ಈ ಮಾತು ಮಲೆನಾಡಿನ ಮೂಲೆಯ ಶಾಲೆಯ ಮೊದಲ ಗಂಟೆಯವರೆಗೆ ತಲುಪಬೇಕು.

ನಮ್ಮ ಪರಂಪರೆಯಲ್ಲಿ ಇದಕ್ಕೆ ಎರಡು ಸುಂದರ ನಿದರ್ಶನಗಳಿವೆ. ನಜ್ರಾನಿನ ಕ್ರೈಸ್ತರ ನಿಯೋಗ ಮದೀನಕ್ಕೆ ಬಂದಾಗ ಅವರ ಪ್ರಾರ್ಥನೆಯ ಹೊತ್ತಾಯಿತು. ಪ್ರವಾದಿ(ಸ)ಯವರು ಅವರನ್ನು ತಡೆಯಬೇಡಿ ಎಂದರು, ಅವರು ಪ್ರವಾದಿಯವರ ಮಸೀದಿಯಲ್ಲೇ ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಿದರು ಎಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಇನ್ನೊಂದು ಜೆರುಸಲೇಮಿನ ಕಥೆ. ಅಲ್ಲಿನ ಇಗರ್ಜಿಯೊಳಗೆ ನಮಾಝ್ ಮಾಡಿ ಎಂದು ಕ್ರೈಸ್ತ ಗುರುಗಳು ಕರೆದರೂ ಖಲೀಫ ಉಮರ್(ರ) ಹೊರಗೆ ಮೆಟ್ಟಿಲ ಬಳಿ ನಮಾಝ್ ಮಾಡಿದರಂತೆ. ತಾನು ಒಳಗೆ ಮಾಡಿದರೆ ಮುಂದೆ ಮುಸ್ಲಿಮರು ಆ ಜಾಗವನ್ನೇ ತಮ್ಮದೆಂದಾರು ಎಂಬುದು ಅವರ ಅಳುಕು. ಮೊದಲ ಕಥೆಯಲ್ಲಿ ಆತಿಥೇಯ ಜಾಗ ಬಿಟ್ಟುಕೊಡುತ್ತಾನೆ. ಎರಡನೆಯದರಲ್ಲಿ ಅತಿಥಿ ತನ್ನ ಮಿತಿ ತಾನೇ ಹಾಕಿಕೊಳ್ಳುತ್ತಾನೆ. ಸಹಬಾಳ್ವೆಗೆ ಈ ಎರಡೂ ಗುಣ ಬೇಕು. ಒಂದೇ ಜನ ಒಂದು ಕಡೆ ಅತಿಥಿಯಾದರೆ ಇನ್ನೊಂದು ಕಡೆ ಆತಿಥೇಯರಾಗಿರುತ್ತಾರೆ.

ಹಾಗಾಗಿ ಈ ಪ್ರಶ್ನೆ ಕಾನ್ವೆಂಟಿನ ಗೇಟಿನಲ್ಲಿ ಮುಗಿಯುವುದಿಲ್ಲ. ಕಳೆದ ಎರಡು ಮೂರು ದಶಕಗಳಲ್ಲಿ ಕರಾವಳಿಯಲ್ಲೂ ಮಲೆನಾಡಿನಲ್ಲೂ ನಮ್ಮವರೇ ನಡೆಸುವ ಆಂಗ್ಲ ಮಾಧ್ಯಮ ಶಾಲೆಗಳು ಬೆಳೆದಿವೆ. ಅಲ್ಲೂ ಹಿಂದೂ ಮಕ್ಕಳು, ಕ್ರೈಸ್ತ ಮಕ್ಕಳು ಓದುತ್ತಾರೆ. ಅಲ್ಲೂ ಜೂನ್ ತಿಂಗಳಲ್ಲಿ ಮೊದಲ ಗಂಟೆ ಬಾರಿಸುತ್ತದೆ. ಆ ಸಾಲಿನಲ್ಲಿ ನಿಂತ ಸುಬ್ಬಮ್ಮನ ಮೊಮ್ಮಗನಿಗೋ ಡಿಸೋಜರ ಮಗಳಿಗೋ "ನೀನು ಸುಮ್ಮನೆ ನಿಂತರೆ ಸಾಕು" ಎಂದು ನಾವು ಹೇಳಿದ್ದೇವೆಯೇ? 2022ರಲ್ಲಿ ಶಿರವಸ್ತ್ರದ ಕಾರಣಕ್ಕೆ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತಾಗ ನಾವು ಕೇಳಿದ್ದು ಒಂದೇ ಮಾತು: ನಮ್ಮ ಮಗಳು ತಾನಾಗಿಯೇ ಇದ್ದು ಓದಲು ಬಿಡಿ. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಒಪ್ಪಲಿಲ್ಲ, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಾಲಯ ಏನೇ ಹೇಳಲಿ, ಆ ಬೇಡಿಕೆ ನಮ್ಮ ಬಾಯಲ್ಲಿ ಬೆಲೆ ಪಡೆಯುವುದು ನಮ್ಮ ಶಾಲೆಯಲ್ಲಿರುವ ಪರರ ಮಗುವಿಗೆ ಅದೇ ಅವಕಾಶ ಕೊಟ್ಟಾಗ. ನಮ್ಮ ಮಗುವಿಗೆ ಬೇಡುವ ವಿನಾಯಿತಿಯನ್ನು ಇನ್ನೊಬ್ಬರ ಮಗುವಿಗೆ ಕೊಡದಿದ್ದರೆ ಅದು ಹಕ್ಕಿನ ಮಾತಲ್ಲ, ಬರೀ ಸ್ವಾರ್ಥ.

ಪ್ರಾಥಮಿಕ ಶಾಲೆಯಲ್ಲಿ ಮಗು ಕಲಿಯುವ ಅಕ್ಷರ, ಮಗ್ಗಿ, ಇಂಗ್ಲಿಷನ್ನು ಮುಂದೆ ಯಾವಾಗಲಾದರೂ ಕಲಿಯಬಹುದು. ಬೇರೆಯವರು ಕಣ್ಣು ಮುಚ್ಚಿ ದೇವರೊಡನೆ ಮಾತಾಡುವಾಗ ಗದ್ದಲ ಮಾಡದೆ, ನಟಿಸದೆ, ಓಡಿಹೋಗದೆ ಪಕ್ಕದಲ್ಲಿ ನಿಲ್ಲುವುದನ್ನು ಮಾತ್ರ ಆ ವಯಸ್ಸಿನಲ್ಲೇ ಕಲಿಯಬೇಕು. ಅದನ್ನು ಕಲಿಯದೆ ದೊಡ್ಡವರಾದವರು ಇನ್ನೊಬ್ಬರ ಬಾಂಗನ್ನೂ ಗಂಟೆಯನ್ನೂ ಭಜನೆಯನ್ನೂ ಸಹಿಸಲಾರದೆ ಬೀದಿಗಿಳಿಯುವುದನ್ನು ನೋಡುತ್ತಲೇ ಇದ್ದೇವೆ.