ಪಾಳಿ ಸಮವಾದರೆ ಪಾಲೂ ಸಮವೇ?

ಹತ್ತು ಎಕರೆ ಹೊಲವನ್ನು ಅಣ್ಣತಮ್ಮಂದಿರು ಐದೈದು ಎಕರೆ ಹಂಚಿಕೊಂಡಾರು. ಇರುವ ಒಂದೇ ಎತ್ತನ್ನು ಹಾಗೆ ಹಂಚಲಾಗದು. ಅಲ್ಲಿ ಪಾಳಿಯೇ ನ್ಯಾಯ.

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯ ರೈತರಿಗೆ ಇದು ಚೆನ್ನಾಗಿ ಗೊತ್ತು. ನೀರು ಸಾಲದಾದಾಗ ನೀರಾವರಿ ಸಲಹಾ ಸಮಿತಿ ವಾರಾಬಂದಿ ಗೊತ್ತುಮಾಡುತ್ತದೆ: ಇಷ್ಟು ದಿನ ಚಾಲು, ಇಷ್ಟು ದಿನ ಬಂದ್. ಹೊಲಗಾಲುವೆಯ ನೀರನ್ನು ಒಮ್ಮೆಗೇ ಎಲ್ಲರಿಗೂ ಬಿಟ್ಟರೆ ಯಾರ ಮಡಿಯೂ ತುಂಬದು. ಪಾಳಿ ಸಮವಿದ್ದರೂ ತಕರಾರು ತಪ್ಪದು. ಕಾಲುವೆಯ ಮೇಲ್ಭಾಗದವನ ಒಂದು ತಾಸಿಗೆ ಬರುವಷ್ಟು ನೀರು, ದಾರಿಯಲ್ಲಿ ಇಂಗಿ, ಸೋರಿ, ಕೊನೆಯಂಚಿನ (ಟೇಲ್ ಎಂಡ್) ರೈತನ ಒಂದು ತಾಸಿಗೆ ಬರುವುದಿಲ್ಲ.

ಮೊಬೈಲ್ ಟವರಿನದೂ ಇದೇ ಕಥೆ. 4ಜಿಯಲ್ಲಿ ಸಮಯವನ್ನು ಒಂದೊಂದು ಮಿಲಿಸೆಕೆಂಡಿನ ತುಂಡು ಮಾಡುತ್ತಾರೆ. ಒಂದು ತುಂಡಿನ ಒಂದು ತರಂಗಪಟ್ಟಿ ಸಾಮಾನ್ಯವಾಗಿ ಒಂದೇ ಫೋನಿಗೆ. ಶಹಾಪುರದಲ್ಲಿ ಟವರಿನ ಬುಡದಲ್ಲೊಂದು ಫೋನು, ಮಲಗಿದ ಬುದ್ಧನ ಬೆಟ್ಟದ ಮರೆಯಲ್ಲೊಂದು ಫೋನು ಇದೆ ಎನ್ನಿ. ಒಂದು ತುಂಡಿನಲ್ಲಿ ಹತ್ತಿರದ್ದಕ್ಕೆ 10 ಪಾಲು ಡೇಟಾ ಹೋದರೆ ದೂರದ್ದಕ್ಕೆ 2. ಹಂಚಲು 12 ತುಂಡುಗಳಿವೆ.

ಎಲ್ಲವನ್ನೂ ಹತ್ತಿರದ್ದಕ್ಕೇ ಕೊಟ್ಟರೆ ಒಟ್ಟು 120, ದೂರದವನಿಗೆ ಸೊನ್ನೆ. ಇಬ್ಬರಿಗೂ ಸಮ ಡೇಟಾ ಸಿಗಬೇಕೆಂದರೆ ದೂರದವನಿಗೆ 10 ತುಂಡು, ಹತ್ತಿರದವನಿಗೆ 2. ತಲಾ 20, ಒಟ್ಟು ಬರೀ 40. ಮೂರನೆಯ ದಾರಿ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಚೌಕಾಶಿಯ ಬಗ್ಗೆ ಬರೆದದ್ದರಲ್ಲಿದೆ: ಇಬ್ಬರ ಲಾಭವನ್ನು ಕೂಡಿಸಬೇಡಿ, ಗುಣಿಸಿ, ಗುಣಲಬ್ಧ ಹೆಚ್ಚಾಗುವಂತೆ ಹಂಚಿ. ಆಗ ಆರಾರು ತುಂಡು: 60 ಮತ್ತು 12. ಯಾರೊಬ್ಬನಿಗೆ ಸೊನ್ನೆ ಬಂದರೂ ಗುಣಾಕಾರವೇ ಸೊನ್ನೆ, ಹಾಗಾಗಿ ಬಡಪಾಯಿಯನ್ನು ಕೈಬಿಡಲು ಈ ಲೆಕ್ಕ ಒಪ್ಪುವುದಿಲ್ಲ. 1990ರ ದಶಕದಲ್ಲಿ ಗಣಿತಜ್ಞ ಫ್ರಾಂಕ್ ಕೆಲಿ ಇದನ್ನೇ ಜಾಲಗಳಿಗೆ ಅನ್ವಯಿಸಿ ‘ಪ್ರೊಪೋರ್ಷನಲ್ ಫೇರ್‌ನೆಸ್’ ಎಂದರು. ಟವರುಗಳ ಹಂಚಿಕೆಯಲ್ಲಿ ಇಂದಿಗೂ ಅದರದೇ ಮೇಲುಗೈ.

ಫೋನಿಗೆ ಈ ನ್ಯಾಯ ಸಾಕು ಎಂದು ನನಗನ್ನಿಸುತ್ತದೆ. ವಿಡಿಯೊ ತಡವಾಗಿ ಬಂದರೂ ಬಂದೀತು. ಕಾಲುವೆಗೆ ಸಾಲದು. ಕಾಳು ಕಟ್ಟುವ ಹೊತ್ತಿಗೆ ನೀರು ತಪ್ಪಿದರೆ ಅರ್ಧ ನೀರಿಗೆ ಅರ್ಧ ಬೆಳೆ ಬರುವುದಿಲ್ಲ, ಪೈರೇ ಕೈಬಿಡುತ್ತದೆ. ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಕಟ್ಟಕಡೆಯವನ ಸ್ಥಿತಿಯನ್ನೇ ಅಳತೆಗೋಲು ಮಾಡಿದ್ದು ಇಲ್ಲಿ ಹೆಚ್ಚು ಹೊಂದುತ್ತದೆ. ಈ ನೀರಾವರಿ ಯೋಜನೆ ಎಣಿಸಿದ್ದು ಮಿತ ನೀರಿನ ಬೆಳೆಗಳನ್ನು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿದೆ. ಮೇಲಿನವನು ಏನು ಬಿತ್ತಬೇಕು ಎಂಬುದನ್ನು ಬಿಟ್ಟು ಬರೀ ಗೇಟು ತೆಗೆಯುವ ದಿನಗಳನ್ನು ಎಣಿಸುವ ವಾರಾಬಂದಿ ಕೆಳಗಿನವನಿಗೆ ಸಮ ಪಾಳಿ ಕೊಟ್ಟೀತು, ಫಸಲು ಕೊಡಲಾರದು.