ಹರಿವ ನೀರು, ನಿಂತ ಚಿತ್ರ

ಉಮರಗಾದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ನಳದುರ್ಗ ಸಿಕ್ಕುತ್ತದೆ. ಅಲ್ಲಿಯ ಕೋಟೆಯನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೋಟೆಗೂ ಎದುರಿನ ರಣಮಂಡಲಕ್ಕೂ ನಡುವೆ ಬೋರಿ ನದಿಗೆ ಅಡ್ಡಲಾಗಿ ಒಂದು ಕಲ್ಲಿನ ಒಡ್ಡು ಇದೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, ಎಂದರೆ 17ನೆಯ ಶತಮಾನದ ಆದಿಯಲ್ಲಿ ಕಟ್ಟಿದ್ದು. ಒಡ್ಡಿನ ಹೊಟ್ಟೆಯೊಳಗೆ ಪಾಣಿ ಮಹಲೆಂಬ ಕೋಣೆ. ಮಳೆ ಚೆನ್ನಾಗಿ ಆದ ವರ್ಷ ನದಿ ತುಂಬಿ ಎರಡು ಕೋಡಿಗಳಿಂದ ನೀರು ಧುಮುಕುತ್ತದೆ; ಜನ ಅವಕ್ಕೆ ನರ, ಮಾದಿ ಎಂದು ಹೆಸರಿಟ್ಟಿದ್ದಾರೆ. ಆಗ ಆ ಕೋಣೆಯಲ್ಲಿ ನಿಂತವನು ಮೈ ನೆನೆಯದೆ ಕಣ್ಣೆದುರಿಗೇ ಬೀಳುವ ನೀರನ್ನು ನೋಡಬಹುದು.

ಅಂಥ ಒಂದು ಶ್ರಾವಣದಲ್ಲಿ ನಾವು ಕೆಲವರು ಸ್ನೇಹಿತರು ಅಲ್ಲಿಗೆ ಹೋಗಿದ್ದೆವು. ನಮ್ಮಲ್ಲಿ ಇಬ್ಬರಿಗೆ ಛಾಯಾಚಿತ್ರದ ಹವ್ಯಾಸ. ಒಬ್ಬರು ಕ್ಯಾಮೆರಾದ ಶಟರನ್ನು ಸೆಕೆಂಡಿನ 1/1000ಕ್ಕೆ ಇಟ್ಟು ಚಿತ್ರ ತೆಗೆದರು. ಇನ್ನೊಬ್ಬರು ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಬೆಳಕು ಹೆಚ್ಚಾಗದಂತೆ ಮಸೂರದ ಮುಂದೆ ಕಪ್ಪು ಗಾಜು ಸಿಕ್ಕಿಸಿ, ಪೂರ್ತಿ ಒಂದು ಸೆಕೆಂಡು ಶಟರನ್ನು ತೆರೆದಿಟ್ಟರು. ಜಾಗ ಒಂದೇ, ಹೊತ್ತು ಒಂದೇ, ನೀರೂ ಒಂದೇ. ಆದರೆ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದಾಗ ಅವು ಒಂದೇ ಸ್ಥಳದವೆಂದು ಹೇಳುವುದೇ ಕಷ್ಟವಾಯಿತು. ನಮ್ಮ ಸಂಗಡ ಬಂದಿದ್ದ ವಯೋವೃದ್ಧ ರೈತರೊಬ್ಬರಿಗೆ ಎರಡನ್ನೂ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, “ಇದರಾಗ ಗಾಜು ಒಡದಂಗ ಅದ, ಅದರಾಗ ಧೋತರ ಒಣಗ ಹಾಕದಂಗ ಅದ. ನೀರು ಎಲ್ಲಿ ಅದ ರೀ?” ಎಂದು ಕೇಳಿದರು.

ನಾವೆಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಹರಿಯುವ ವಸ್ತುವಿನ ನಿಜವಾದ ಚಿತ್ರ ಯಾವುದು? ನಿಜವಲ್ಲದ್ದನ್ನು ಚಂದವೆಂಬ ಕಾರಣಕ್ಕೆ ಇತರರ ಮುಂದಿಡುವುದು ತಪ್ಪೆ? ಈ ಎರಡು ಪ್ರಶ್ನೆಗಳನ್ನು ಕುರಿತು ನಮಗೆ ತೋರಿದ್ದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ವಿಷಯದ ಸ್ಥೂಲ ಲೆಕ್ಕವನ್ನು ನೋಡೋಣ. ಇಪ್ಪತ್ತು ಮೀಟರು ಎತ್ತರದಿಂದ ಬೀಳುವ ಹನಿಯೊಂದಕ್ಕೆ ನೆಲ ಮುಟ್ಟಲು ಸುಮಾರು ಎರಡು ಸೆಕೆಂಡು ಬೇಕು. ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ಸುಮಾರು ಇಪ್ಪತ್ತು ಮೀಟರು. ಶಟರು 1/30 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಆ ಹನಿ ಅರವತ್ತೈದು ಸೆಂಟಿಮೀಟರಿಗೂ ಹೆಚ್ಚು ಜಾರಿರುತ್ತದೆ. ಚಿತ್ರದಲ್ಲಿ ಅದು ಹನಿಯಲ್ಲ, ಒಂದು ಗೆರೆ. ಒಂದು ಸೆಕೆಂಡು ತೆರೆದಿದ್ದರೆ ಸಾವಿರಾರು ಗೆರೆಗಳು ಒಂದರ ಮೇಲೊಂದು ಬಿದ್ದು ರೇಷ್ಮೆಯ ಬಟ್ಟೆಯಾಗುತ್ತದೆ. 1/1000ರಲ್ಲಿ ಮಾತ್ರ ಹನಿ ಹನಿಯಾಗಿ ಕಾಣುತ್ತದೆ. ಆದರೆ ಅಲ್ಲಿಯೂ ಅದು ನಿಂತಿಲ್ಲ. ಆ ಅಲ್ಪಾವಧಿಯಲ್ಲಿಯೂ ಎರಡು ಸೆಂಟಿಮೀಟರು ಚಲಿಸಿಯೇ ಇದೆ. ದೂರದಿಂದ ನೋಡುವ ಕ್ಯಾಮೆರಾಕ್ಕೆ ಆ ಎರಡು ಸೆಂಟಿಮೀಟರು ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಕ್ಷಣವೆಂದು ನಾವು ಕರೆಯುವುದಕ್ಕೂ ಒಂದು ಉದ್ದವಿದೆ ಎಂದಾಯಿತು.

ಹಾಗಾದರೆ ಕಣ್ಣಿಗೆ ಕಂಡಂತೆ ತೆಗೆದದ್ದೇ ಸತ್ಯವಾದ ಚಿತ್ರ ಎನ್ನೋಣವೆ? ಮೊದಲಿಗೆ ನಮ್ಮಲ್ಲಿಯೂ ಕೆಲವರ ಮತ ಇದೇ ಆಗಿತ್ತು. ಆದರೆ ಕಣ್ಣು ನಂಬತಕ್ಕ ನ್ಯಾಯಾಧೀಶನಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ಬಂದು ಹೋಗುತ್ತಿದ್ದರೂ ಕಣ್ಣು ಅವನ್ನು ಬೇರೆಬೇರೆಯಾಗಿ ಕಾಣಲಾರದೆ ಚಲನೆಯೆಂದು ಒಪ್ಪುತ್ತದೆ. ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್ನನ ಕಥೆ ಇಲ್ಲಿ ಉಪಯುಕ್ತವಾದದ್ದು. ದ್ರವದ ಹನಿ ಬಿದ್ದು ಚಿಮ್ಮುವ ರೀತಿಯನ್ನು ಅವನು ಕತ್ತಲ ಕೋಣೆಯಲ್ಲಿ ಕ್ಷಣಮಾತ್ರದ ಕಿಡಿಯ ಬೆಳಕಿನಲ್ಲಿ ನೋಡಿ, ಕಣ್ಣಲ್ಲಿ ಉಳಿದದ್ದನ್ನು ಕೈಯಿಂದ ಬರೆಯುತ್ತಿದ್ದನು. ಹೀಗೆ ಅನೇಕ ವರ್ಷ ಬರೆದ ಚಿತ್ರಗಳೆಲ್ಲ ಹೂವಿನ ದಳಗಳಂತೆ ಎಲ್ಲ ಕಡೆಯೂ ಸಮನಾಗಿದ್ದವು. 1894ರಲ್ಲಿ ಅವನು ಆ ಕಿಡಿಯ ಬೆಳಕಿನಲ್ಲಿಯೇ ಛಾಯಾಚಿತ್ರ ತೆಗೆದು ನೋಡಿದಾಗ ಒಂದೊಂದು ಚಿಮ್ಮುವಿಕೆಯೂ ಸೊಟ್ಟಗೆ, ಹರಿದು, ಹೆಚ್ಚುಕಡಿಮೆಯಾಗಿ ಕಂಡಿತು. ಸೊಟ್ಟಾದದ್ದು ಆಕಸ್ಮಿಕ, ನೇರವಾದದ್ದೇ ಸಹಜ ಎಂದುಕೊಂಡು ಅವನ ಮನಸ್ಸು ಅಷ್ಟು ವರ್ಷವೂ ತಿದ್ದಿಕೊಂಡೇ ಬಂದಿತ್ತು. ತನ್ನ ಕಣ್ಣಿಗೆ ತಾನೇ ಮೋಸಹೋದದ್ದನ್ನು ಅವನು ಮರೆಮಾಚಲಿಲ್ಲ. ಆ ಪ್ರಾಮಾಣಿಕತೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಅದರ ಪ್ರಯೋಜನವಿದೆ.

ಈ ಕಥೆಯಿಂದ ವೇಗದ ಶಟರೇ ಸತ್ಯವಾದಿ ಎಂದು ತೀರ್ಮಾನಿಸಬಾರದು. ಒಂದು ಹನಿಯ ಆಕಾರವನ್ನು ಕೇಳಿದವನಿಗೆ ಅದು ಸರಿಯಾದ ಉತ್ತರ ಕೊಡುತ್ತದೆ. ನದಿ ಹರಿಯುತ್ತಿದೆಯೆ, ಯಾವ ಕಡೆಗೆ, ಯಾವ ಭರದಲ್ಲಿ ಎಂದು ಕೇಳಿದವನಿಗೆ ಏನನ್ನೂ ಹೇಳುವುದಿಲ್ಲ. ಆ ಚಿತ್ರದಲ್ಲಿ ಹನಿ ಕೆಳಗೆ ಬೀಳುತ್ತಿದೆಯೋ ಮೇಲಕ್ಕೆ ಚಿಮ್ಮುತ್ತಿದೆಯೋ ಎಂಬುದು ಸಹ ಕೆಲವೊಮ್ಮೆ ತಿಳಿಯದು. ನಿಧಾನದ ಶಟರು ಹರಿವನ್ನು ತೋರಿಸುತ್ತದೆ, ಹನಿಯನ್ನು ಮರೆಸುತ್ತದೆ.

ನಿಧಾನದ ಶಟರಿಗೆ ಇನ್ನೊಂದು ಗುಣವಿದೆ. ಅದು ಇನ್ನೂ ಗಂಭೀರವಾದದ್ದು. 1838ರಲ್ಲಿ ಪ್ಯಾರಿಸಿನಲ್ಲಿ ದಾಗೆರ್ ಎಂಬವನು ಜನನಿಬಿಡವಾದ ಬೀದಿಯೊಂದರ ಚಿತ್ರ ತೆಗೆದನು. ಆಗಿನ ತಗಡಿನ ಮೇಲೆ ಬೆಳಕು ಹಲವು ನಿಮಿಷ ಬೀಳಬೇಕಾಗಿತ್ತು. ಚಿತ್ರ ಸಿದ್ಧವಾದಾಗ ಬೀದಿ ಬರಿದಾಗಿತ್ತು. ನಡೆಯುವವರೂ ಬಂಡಿಗಳೂ ಮಾಯವಾಗಿ, ಬೂಟು ಒರೆಸಿಕೊಳ್ಳುತ್ತ ನಿಂತಿದ್ದ ಒಬ್ಬ ಮನುಷ್ಯನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ನಮ್ಮ ಗಡಿಯಾಚೆಗೆ ಸಮೀಪದಲ್ಲಿಯೇ ಬಸವಕಲ್ಯಾಣವಿದೆ. ಅಲ್ಲಿಯ ಶರಣರ ಮಾತಿನಲ್ಲಿ ಹೇಳುವುದಾದರೆ ದೀರ್ಘಕಾಲ ನೋಡುವ ಕ್ಯಾಮೆರಾ ಸ್ಥಾವರವನ್ನು ಉಳಿಸಿಕೊಂಡು ಜಂಗಮವನ್ನು ಅಳಿಸಿಬಿಡುತ್ತದೆ. ನಮ್ಮ ನಳದುರ್ಗದ ಚಿತ್ರದಲ್ಲಿಯೂ ಹೀಗೆಯೇ ಆಗಿತ್ತು. ಒಡ್ಡಿನ ಕಲ್ಲುಗಳು ಒಂದೊಂದೂ ಸ್ಪಷ್ಟ. ಕೆಳಗೆ ಓಡಾಡುತ್ತಿದ್ದ ಮಕ್ಕಳು ಮಂಜಿನಂತೆ ಕರಗಿದ್ದರು.

ಇಷ್ಟರವರೆಗೆ ಇದು ಜ್ಞಾನದ ಪ್ರಶ್ನೆ. ನೀತಿಯ ಪ್ರಶ್ನೆ ನಮಗೆ ಎದುರಾದದ್ದು ಬೇರೊಂದು ಸಂದರ್ಭದಲ್ಲಿ. ಅದರಲ್ಲಿ ತಪ್ಪು ನಮ್ಮದೇ ಆದ್ದರಿಂದ ಸಂಕೋಚವಿಲ್ಲದೆ ಹೇಳುತ್ತೇವೆ.

ಒಂದು ಬೇಸಿಗೆಯ ಆರಂಭದಲ್ಲಿ ನಿಲಂಗಾದ ಕಡೆ ತೇರ್ಣಾ ನದಿಯ ಪಾತ್ರದಲ್ಲಿ ನಡೆಯುತ್ತಿದ್ದೆವು. ನದಿಯೆಂಬ ಹೆಸರು ಮಾತ್ರ ಉಳಿದಿತ್ತು. ಎರಡು ಬಂಡೆಗಳ ನಡುವೆ ಕೈಬೆರಳಿನಷ್ಟು ನೀರು ಹನಿಹನಿಯಾಗಿ ಜಾರುತ್ತಿತ್ತು. ಒಂದು ಕೊಡ ತುಂಬಬೇಕಾದರೆ ಬಹಳ ಹೊತ್ತು ಕಾಯಬೇಕು. ಸಮೀಪದಲ್ಲಿ ಹಾಗೆ ಕಾಯುತ್ತ ಕುಳಿತ ಹೆಂಗಸರೂ ಇದ್ದರು. ನಾವು ಕ್ಯಾಮೆರಾವನ್ನು ನೆಲಕ್ಕೆ ತಗ್ಗಿಸಿ, ಹೆಂಗಸರು ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಂಡು, ನಾಲ್ಕು ಸೆಕೆಂಡು ಶಟರು ತೆರೆದಿಟ್ಟೆವು. ನಾಲ್ಕು ಸೆಕೆಂಡಿನಲ್ಲಿ ಬಿದ್ದ ಹನಿಗಳೆಲ್ಲ ಒಟ್ಟಾಗಿ ಚಿತ್ರದಲ್ಲಿ ತುಂಬಿದ ಜಲಪಾತವಾಯಿತು. ಚಿತ್ರ ಬಹಳ ಚೆನ್ನಾಗಿತ್ತು. ದೂರದ ನಗರವೊಂದರಲ್ಲಿ ಕನ್ನಡಿಗರು ಸೇರಿದ್ದಾಗ ಅದನ್ನು ತೋರಿಸಿದೆವು. ಹಿರಿಯರೊಬ್ಬರು ಮೆಚ್ಚಿ, “ನಿಮ್ಮ ಕಡೆ ನೀರಿಗೇನೂ ಕೊರತೆಯಿಲ್ಲ ಬಿಡಿ” ಎಂದರು. ನಾವು ನಕ್ಕು ಸುಮ್ಮನಾದೆವು.

ನಮ್ಮ ಕಡೆ ಎಂದರೆ ಯಾವ ಕಡೆ? 1972ರ ಬರದಲ್ಲಿ ಊರುಗಳು ಬರಿದಾದ ಕಡೆ. 2016ರ ಏಪ್ರಿಲಿನಲ್ಲಿ ಲಾತೂರು ನಗರಕ್ಕೆ ಕುಡಿಯುವ ನೀರನ್ನು ಮಿರಜದಿಂದ ರೈಲಿನಲ್ಲಿ ತರಬೇಕಾದ ಕಡೆ. ಇದೆಲ್ಲ ತಿಳಿದೂ ನಾವು ಸುಮ್ಮನಿದ್ದೆವು. ಕ್ಯಾಮೆರಾ ಸುಳ್ಳು ಹೇಳಲಿಲ್ಲ. ಆ ನಾಲ್ಕು ಸೆಕೆಂಡುಗಳಲ್ಲಿ ಅಷ್ಟು ನೀರು ಆ ದಾರಿಯಲ್ಲಿ ಬಿದ್ದದ್ದು ನಿಜ. ನಾಲ್ಕು ಸೆಕೆಂಡಿನ ಮೊತ್ತವನ್ನು ಒಂದು ಕ್ಷಣದ ಸಂಪತ್ತೆಂದು ನೋಡುವವರು ತಿಳಿದುಕೊಂಡಾಗ ತಿದ್ದದೆ ಬಿಟ್ಟದ್ದು ಸುಳ್ಳು. ಆ ಸುಳ್ಳು ನಮ್ಮ ಬಾಯಿಯಲ್ಲಿತ್ತು, ಯಂತ್ರದಲ್ಲಿರಲಿಲ್ಲ.

ಕಲೆಗೆ ಈ ಕಟ್ಟುಪಾಡು ಏಕೆ, ಚಂದವಾದದ್ದನ್ನು ಚಂದವೆಂದು ನೋಡಿದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಕವಿ ಹೇಳುವ ನದಿಗೆ ಯಾರೂ ಕೊಡ ಹಿಡಿದು ಹೋಗುವುದಿಲ್ಲ. ಅದು ಕವಿಯ ನದಿ ಎಂದು ಎಲ್ಲರಿಗೂ ಗೊತ್ತು. ಛಾಯಾಚಿತ್ರದ ಸ್ಥಿತಿ ಹಾಗಲ್ಲ. ಅದನ್ನು ನೋಡುವವನು ಸಾಕ್ಷಿಯ ಮಾತನ್ನು ಕೇಳಿದಂತೆ ನಂಬುತ್ತಾನೆ. ಆ ನಂಬಿಕೆಯ ಲಾಭ ಪಡೆಯುವವನು ಅದರ ಹೊಣೆಯನ್ನೂ ಹೊರಬೇಕು. ಇಂದು ಮೊಬೈಲು ಫೋನೇ ಹಲವು ಚಿತ್ರಗಳನ್ನು ತಾನಾಗಿ ಒಂದುಗೂಡಿಸಿ ರೇಷ್ಮೆಯ ನೀರನ್ನು ಮಾಡಿಕೊಡುತ್ತದೆ. ಮುಕ್ಕಾಲಿ, ಕಪ್ಪು ಗಾಜುಗಳ ಶ್ರಮವೂ ಇಲ್ಲ. ಶ್ರಮ ತಪ್ಪಿದರೂ ಹೊಣೆ ತಪ್ಪುವುದಿಲ್ಲ.

ಈ ವಿಚಾರ ನೀರಿಗೆ ಮಾತ್ರ ಸಂಬಂಧಿಸಿದ್ದೆಂದು ನಮಗೆ ತೋರುವುದಿಲ್ಲ. 1956ರ ನವೆಂಬರ 1ರಂದು ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಲ್ಲಿ ಮಹಾರಾಷ್ಟ್ರವಾಯಿತು. ಗಡಿಯ ಗೆರೆ, ಜನಗಣತಿಯ ಮಾತೃಭಾಷೆಯ ಕಲಮು, ಇವು ವೇಗದ ಶಟರಿನ ಚಿತ್ರಗಳು. ಉದಗೀರದ ಸಂತೆಯಲ್ಲಿ ಮರಾಠಿಯಲ್ಲಿ ಬೆಲೆ ಕೇಳಿ, ಉರ್ದುವಿನಲ್ಲಿ ಚೌಕಾಶಿ ಮಾಡಿ, ಮನೆಗೆ ಬಂದು ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡುವವನನ್ನು ಆ ಕಲಮು ಒಂದೇ ಭಂಗಿಯಲ್ಲಿ ನಿಲ್ಲಿಸುತ್ತದೆ. ಇದಕ್ಕೆ ಬೇಸತ್ತವರು, ಇಲ್ಲಿ ಎಲ್ಲರೂ ಬೆರೆತು ಒಂದಾಗಿದ್ದಾರೆ, ಭೇದವೇ ಇಲ್ಲ ಎಂದು ನಿಧಾನದ ಶಟರಿನ ಚಿತ್ರವನ್ನು ಮುಂದಿಡುತ್ತಾರೆ. ಅದೂ ಚಂದದ ಚಿತ್ರವೇ. ಆದರೆ ಅದರಲ್ಲಿ ಆ ಅಜ್ಜಿಯ ಮಾತು ಪ್ಯಾರಿಸಿನ ಬೀದಿಯ ಜನರಂತೆ ಮಾಯವಾಗುತ್ತದೆ. ಎರಡೂ ಚಿತ್ರಗಳನ್ನು ಎದುರಿಗಿಟ್ಟುಕೊಂಡವನಿಗೇ ನಮ್ಮ ಸೀಮೆ ಸ್ವಲ್ಪವಾದರೂ ತಿಳಿದೀತು.

ಕೊನೆಗೆ ನಾವು ಮಾಡಿಕೊಂಡ ನಿಯಮ ಬಹಳ ಸಣ್ಣದು. ನಾವು ತೋರಿಸುವ ಪ್ರತಿಯೊಂದು ಚಿತ್ರದ ಕೆಳಗೂ ಶಟರಿನ ಅವಧಿ, ತಿಂಗಳು, ಸ್ಥಳ ಇಷ್ಟನ್ನು ಬರೆಯುತ್ತೇವೆ. ಹಿಂದೆ ಇದು ಹವ್ಯಾಸಿಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ತಾಂತ್ರಿಕ ವಿವರವೆಂದು ತಿಳಿದಿದ್ದೆವು. ಈಗ, ನಾನು ಎಷ್ಟು ಹೊತ್ತು ನೋಡಿದೆ, ಯಾವಾಗ ನೋಡಿದೆ ಎಂದು ಸಾಕ್ಷಿ ಹೇಳುವವನು ಮೊದಲು ತಿಳಿಸಬೇಕಾದ ಮಾತೆಂದು ತಿಳಿದಿದ್ದೇವೆ. ವರ್ದಿಂಗ್ಟನ್ನನು ಮಾಡಿದ್ದೂ ಅದನ್ನೇ. ತೇರ್ಣೆಯ ಆ ಚಿತ್ರದ ಕೆಳಗೂ ಈಗ “ನಾಲ್ಕು ಸೆಕೆಂಡು, ಒಂದು ಕೊಡ ತುಂಬಲು ಇದಕ್ಕಿಂತ ಬಹಳ ಹೆಚ್ಚು” ಎಂದು ಬರೆದಿದ್ದೇವೆ. ಅದರ ಪಕ್ಕಕ್ಕೆ ಆ ಹೆಂಗಸರ ಚಿತ್ರವೂ ಇರಬೇಕಾಗಿತ್ತು. ಅದನ್ನು ನಾವು ತೆಗೆಯಲಿಲ್ಲ.

ನಳದುರ್ಗದ ಎರಡು ಚಿತ್ರಗಳೂ ನಮ್ಮ ಬಳಿ ಇವೆ. ನೀರು ಎಲ್ಲಿದೆ ಎಂಬ ಆ ರೈತರ ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ. ಮತ್ತೊಮ್ಮೆ ಬೋರಿ ತುಂಬಿ ಬಂದಾಗ ಅವರನ್ನೇ ಕರೆದುಕೊಂಡು ಹೋಗಿ, ಈ ಸಲ ಕ್ಯಾಮೆರಾವನ್ನು ಚೀಲದಿಂದ ತೆಗೆಯುವ ಮುನ್ನ ಪಾಣಿ ಮಹಲಿನಲ್ಲಿ ಸ್ವಲ್ಪ ಹೊತ್ತು ಅವರ ಜೊತೆಗೆ ಸುಮ್ಮನೆ ನಿಂತು ನೋಡಬೇಕೆಂದಿದ್ದೇವೆ. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿರುವ ವಾಚಕರು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.